ಕಾಗದಕ್ಕೂ ಮುಪ್ಪು ಬರುತ್ತದೆಯೇ?

ಮಕ್ಕಳೇ, ಇವತ್ತು ಒಂದು ಪ್ರಯೋಗ ಶುರು ಮಾಡೋಣ. ದಿನಪತ್ರಿಕೆಯಿಂದ ಉದ್ದನೆಯ ಪಟ್ಟಿಯೊಂದನ್ನು ಕತ್ತರಿಸಿ ಕಿಟಕಿಯ ಬಳಿ ಇಡಿ. ಅರ್ಧದ ಮೇಲೆ ದಪ್ಪ ಪುಸ್ತಕವಿರಲಿ, ಉಳಿದರ್ಧಕ್ಕೆ ಬಿಸಿಲು ಬೀಳಲಿ. ಬೆಂಗಳೂರಿನ ಜಯನಗರದಂಥ ಮರಗಳಿರುವ ಬಡಾವಣೆಯವರಾದರೆ ನೆರಳು ಬೀಳದ ಕಿಟಕಿಯನ್ನೇ ಹುಡುಕಿ. ಒಂದೆರಡು ವಾರ ಹಾಗೇ ಇರಲಿ. ಅಷ್ಟರಲ್ಲಿ ಒಂದು ಕಥೆ ಕೇಳಿ.

ಎರಡನೇ ಮಹಾಯುದ್ಧದ ಕಾಲ. ಗುಂಡುಗಳ ಕವಚಕ್ಕೆ ಹಿತ್ತಾಳೆ ಬೇಕು. ಹಿತ್ತಾಳೆಯೆಂದರೆ ತಾಮ್ರ, ಸತು ಸೇರಿದ ಮಿಶ್ರಲೋಹ. ಕಾಸಿಗೂ ತಾಮ್ರವೇ ಬೇಕು! ಅದಕ್ಕೇ 1943ರಲ್ಲಿ ನಡುವೆ ತೂತಿದ್ದ ಕಾಸು ಬಂತು. ಅದೇ ಬೆಲೆಯ ಮೊದಲಿನ ಕಾಲಾಣೆ ನಾಣ್ಯ ಸುಮಾರು 5 ಗ್ರಾಂ ತೂಗುತ್ತಿತ್ತು, ತೂತಿನ ಕಾಸು ಬರೀ 2 ಗ್ರಾಂ.

ಆದರೂ ಚಿಲ್ಲರೆ ಸಾಲಲಿಲ್ಲ. ಜುನಾಗಡ, ಮೋರ್ವಿಯಂಥ ಸಂಸ್ಥಾನಗಳು ರಟ್ಟಿನ ತುಂಡಿನ ಮೇಲೆ ಬೆಲೆ ಅಚ್ಚು ಹಾಕಿ ‘ಕ್ಯಾಶ್ ಕೂಪನ್’ ಹೊರಡಿಸಿದವು. ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ನಮ್ಮ ಬೆಂಗಳೂರಿಗೂ ಕರೆತಂದಿದ್ದರು. ಅಂಥವರಿದ್ದ ಭಾರತದ ಸೆರೆಶಿಬಿರಗಳಲ್ಲೂ ಕೂಪನ್ ನಡೆಯುತ್ತಿತ್ತು. ಶಿಬಿರದ ಕ್ಯಾಂಟೀನಿನಲ್ಲಿ ಅದೇ ಹಣ. ಬೇಲಿಯಾಚೆ ಬರೀ ಕಾಗದ. ತಪ್ಪಿಸಿಕೊಂಡು ಹೋದವನಿಗೆ ಅದರಿಂದ ಒಂದು ಬಾಳೆಹಣ್ಣೂ ಸಿಗದು.

ಇಂಥ ಚೀಟಿಗಳನ್ನು ಹುಡುಕಿ ಕೂಡಿಡುವವರಿದ್ದಾರೆ. ಭಾರತದ ಕಾಗದದ ಹಣವನ್ನು ಸಂಗ್ರಹಿಸಿದ ಬೆಂಗಳೂರಿನ ರೆಜ್ವಾನ್ ರಜಾಕ್, 2020ರಲ್ಲಿ ಇದೇ ಊರಿನಲ್ಲಿ ಅದಕ್ಕೊಂದು ಮ್ಯೂಸಿಯಂ ತೆರೆದರು.

ಆದರೆ ಕೂಡಿಟ್ಟ ಕಾಗದವೂ ಮುಪ್ಪಾಗುತ್ತದೆ. ಏಕೆ? ದಿನಪತ್ರಿಕೆ ಮರದ ತಿರುಳಿನಿಂದ ಆದದ್ದು. ಮರವನ್ನು ಗಟ್ಟಿಯಾಗಿ ನಿಲ್ಲಿಸುವ ಲಿಗ್ನಿನ್ ಎಂಬ ವಸ್ತು ಅದರಲ್ಲೂ ಉಳಿದಿರುತ್ತದೆ. ಬಿಸಿಲು, ಗಾಳಿ ತಾಗಿದರೆ ಲಿಗ್ನಿನ್ ಹಳದಿಯಾಗುತ್ತದೆ. ನಮ್ಮ ರೂಪಾಯಿ ನೋಟು ಹತ್ತಿಯದು. ಹತ್ತಿಯಲ್ಲಿ ಲಿಗ್ನಿನ್ ಇಲ್ಲವೆನ್ನುವಷ್ಟು ಕಡಿಮೆ.

ಕೂಪನ್ನಿನ ಅಗ್ಗದ ರಟ್ಟಿಗೆ, ಕಾಗದಕ್ಕೆ ಹತ್ತಿಯ ಗಟ್ಟಿತನವಿಲ್ಲ. ಅಜ್ಜನ ಟ್ರಂಕಿನಲ್ಲಿ ಹಳೆ ಕೂಪನ್ ಸಿಕ್ಕರೆ ಕೈ ತೊಳೆದು, ಒರೆಸಿಕೊಂಡು, ಅಂಚು ಹಿಡಿದು ಎತ್ತಿ. ಸೆಲ್ಲೋಟೇಪ್ ಬೇಡ, ಅದರ ಅಂಟು ಕಂದು ಕಲೆಯಾಗುತ್ತದೆ. ಲ್ಯಾಮಿನೇಷನ್ನೂ ಬೇಡ, ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸಲಾಗದು. ಪಾಲಿಯೆಸ್ಟರ್ ಹಾಳೆಯ ನಡುವೆ ಸೇರಿಸಿ, ಮಳೆಗಾಲದ ತೇವ ತಾಗದ ಒಣ ಕಪಾಟಿನಲ್ಲಿಡಿ.

ಒಂದೆರಡು ವಾರ ಕಳೆದ ಮೇಲೆ ಕಿಟಕಿಯ ಬಳಿಯ ಪುಸ್ತಕ ಎತ್ತಿ ನೋಡಿ. ಬಿಸಿಲುಂಡ ಅರ್ಧ ಹಳದಿ, ಪುಸ್ತಕದಡಿಯ ಅರ್ಧ ಹೆಚ್ಚುಕಡಿಮೆ ಮೊದಲಿನಂತೆಯೇ. ಎಂಬತ್ತು ವರ್ಷದ ಹಿಂದೆ ಯಾರೋ ಒಂದು ಕೂಪನ್ನನ್ನು ಹೀಗೆಯೇ ನೆರಳಲ್ಲಿಟ್ಟರು. ಅದಕ್ಕೇ ಅದರ ಮೇಲಿನ ‘ಒಂದು ಪೈಸೆ’ಯನ್ನು ನಾವಿನ್ನೂ ಓದಬಲ್ಲೆವು.