ಬೆಳೆಯುವ ನಗರ, ಉಳಿಯಬೇಕಾದ ಪರಂಪರೆ

(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ ಒಂದು ಪ್ರಶ್ನೆ ನಮ್ಮೆದುರಿಗಿದೆ. ಮಂಗಳೂರು ಇಷ್ಟು ವೇಗವಾಗಿ ಬೆಳೆಯುತ್ತಿರುವಾಗ ಹಿರಿಯರು ಬಿಟ್ಟುಹೋದುದರಲ್ಲಿ ನಾವು ಯಾವುದನ್ನು ಉಳಿಸಿಕೊಳ್ಳಬೇಕು?

1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನದೀತೀರದ ಜೇಡಿಮಣ್ಣಿನ ಆ ಹೆಂಚು ಕಡಲಾಚೆಗೂ ನಮ್ಮೂರಿನ ಹೆಸರನ್ನು ಒಯ್ದಿತು. ಇಂದು ಹೆಂಚಿನ ಮನೆಗಳು ಒಂದೊಂದಾಗಿ ಮರೆಯಾಗಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಆಸ್ತಿ ಪಾಲಾಗುತ್ತದೆ, ಮಕ್ಕಳು ದೂರದೇಶದಲ್ಲಿ ನೆಲೆಸುತ್ತಾರೆ, ಮಳೆಗಾಲಕ್ಕೆ ಮುನ್ನ ಮಾಡು ಸರಿಪಡಿಸಲು ಆಳು ದೊರೆಯುವುದಿಲ್ಲ. ಊರಿಗೆ ಮನೆಗಳೂ ಆಸ್ಪತ್ರೆಗಳೂ ರಸ್ತೆಗಳೂ ಬೇಕು. ಹಳೆಯದೆಲ್ಲವೂ ಉಳಿಯಲೇಬೇಕೆಂದು ನಾವು ಹಟ ಹಿಡಿಯಲಾರೆವು.

ಆದರೆ ಮತ್ತೆ ಕಟ್ಟಲಾಗದ ಕೆಲವು ಇವೆ. ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಲಯದಲ್ಲಿ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೆನಿಯವರು ಬಿಡಿಸಿದ ಚಿತ್ರಗಳು ಅಂಥವು. ಅವರು 1905ರಲ್ಲಿ ತೀರಿಕೊಂಡರು. ಆ ಕೈ ಮತ್ತೆ ಬಾರದು. ನಮ್ಮ ಕರಾವಳಿಯ ಮಳೆ ಮತ್ತು ತೇವ ಇಂತಹ ಚಿತ್ರಗಳಿಗೆ ಶತ್ರು. 1991ರಿಂದ 1994ರವರೆಗೆ ಪರಿಣತರು ತಾಳ್ಮೆಯಿಂದ ಜೀರ್ಣೋದ್ಧಾರ ಮಾಡಿದುದರಿಂದ ನಮ್ಮ ಮಕ್ಕಳೂ ಅವನ್ನು ಕಾಣುತ್ತಿದ್ದಾರೆ.

ಸಂರಕ್ಷಣೆಯೆಂದರೆ ಮುಟ್ಟದೆ ಬಿಡುವುದಲ್ಲ. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವವೂ ಬಿದ್ದಿತು. ಹಳೆಯದೆಂದು ಹೊಗಳಿ, ಸೋರುವ ಮಾಡನ್ನು ಹಾಗೆಯೇ ಬಿಟ್ಟರೆ ಪರಂಪರೆಯೂ ಉಳಿಯದು, ಪ್ರಾಣವೂ ಉಳಿಯದು. ಸಕಾಲದ ದುರಸ್ತಿಯೇ ನಿಜವಾದ ಗೌರವ.

ಆದುದರಿಂದ ನಾವು ಮಾಡಬಹುದಾದ ಮೂರು ಕೆಲಸಗಳಿವೆ. ಪ್ರತಿವರ್ಷ ಮಳೆಗೆ ಮುನ್ನ ದೇವಾಲಯದ ಮಾಡು, ನೀರಿನ ದಾರಿ, ಗೆದ್ದಲು ಇವುಗಳ ಪರೀಕ್ಷೆ ನಡೆಯಲಿ. ದುರಸ್ತಿಯೋ ನೆಲಸಮವೋ ಎಂಬ ಪ್ರಶ್ನೆ ಬಂದಾಗ, ಗುತ್ತಿಗೆದಾರರ ಮಾತೊಂದನ್ನೇ ನಂಬದೆ, ಹಳೆಯ ಕಟ್ಟಡಗಳನ್ನು ಬಲ್ಲ ಇಂಜಿನಿಯರರ ಅಭಿಪ್ರಾಯವನ್ನೂ ಪಡೆಯೋಣ. ಮನೆಯನ್ನು ಕೆಡವಲೇಬೇಕಾದವರು ಅದರ ಛಾಯಾಚಿತ್ರ ತೆಗೆಸಿ, ಅಲ್ಲಿ ಬಾಳಿದವರ ಹೆಸರುಗಳನ್ನು ಬರೆದಿಡಲಿ.

ಹಿರಿಯರು ತಮಗಾಗಿ ಮಾತ್ರ ಕಟ್ಟಲಿಲ್ಲ. ಎರಡನೆಯ ಶತಮಾನೋತ್ಸವವನ್ನು ಆಚರಿಸುವವರಿಗೆ ಕಟ್ಟಡವೂ ಕಥೆಯೂ ಎರಡೂ ದೊರೆಯುವಂತೆ ದುಡಿಯುವ ಬುದ್ಧಿಯನ್ನು ದೇವರು ನಮಗೆ ಅನುಗ್ರಹಿಸಲಿ.