ಎಲೆಯೊಂದೇ ಸಾಲದು, ಕಣ್ಣೂ ಬೇಕು
(ರಜತ ಮಹೋತ್ಸವದ ಕೃಷಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಾಡುಬಸಳೆಯ ಎಲೆ ನೆಲಕ್ಕೆ ಬಿದ್ದರೆ ಅಂಚಿನಲ್ಲೇ ಮರಿ ಹುಟ್ಟುತ್ತದೆ. ದಾಸವಾಳ, ಕಾಳುಮೆಣಸು ಹಾಗಲ್ಲ. ಬರೀ ಎಲೆ ಊರಿದರೆ ಬೇರು ಬಂದರೂ ಗಿಡ ಆಗದು. ಎಲೆಯ ಬುಡದ ಕಣ್ಣು, ಒಂದು ತುಂಡು ಕಾಂಡ ಜೊತೆಗಿರಬೇಕು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ನಮ್ಮ ಕಂಗಿನ ತೋಟಗಳಲ್ಲಿ ಮೆಣಸಿನ ಬಳ್ಳಿ ಉಂಟು. ಸೊರಗು ರೋಗ ಹಿಡಿದರೆ ಒಂದೇ ಮಳೆಗಾಲದಲ್ಲಿ ಬಳ್ಳಿಗಳೆಲ್ಲ ಹೋದಾವು. ಎಲ್ಲಿಂದಲೋ ತಂದ ಗಿಡದೊಟ್ಟಿಗೆ ರೋಗವೂ ಬಂದೀತು. ಆದ್ದರಿಂದ ಗಿಡ ಮನೆಯಲ್ಲೇ ಮಾಡಿಕೊಳ್ಳುವ.

ಒಳ್ಳೆಯ ಫಸಲಿನ, ರೋಗವಿಲ್ಲದ ಬಳ್ಳಿಯನ್ನು ಮೊದಲೇ ಗುರುತಿಸಿ, ಬುಡದ ಹಂಬುಗಳನ್ನು ನೆಲದಲ್ಲಿ ಬೇರೂರಲು ಬಿಡದೆ ಕೋಲಿಗೆ ಸುತ್ತಿಡಬೇಕು. ಫೆಬ್ರವರಿ-ಮಾರ್ಚಿನಲ್ಲಿ ಎಳೆ ತುದಿ, ಬಲಿತ ಬುಡ ಬಿಟ್ಟು, ನಡುಭಾಗವನ್ನು 2-3 ಗಂಟಿನ ತುಂಡು ಮಾಡಿ, ತೊಟ್ಟು ಉಳಿಸಿ ಎಲೆ ಕತ್ತರಿಸುವುದು. 2 ಪಾಲು ಮಣ್ಣು, 1 ಪಾಲು ಹೊಯಿಗೆ, 1 ಪಾಲು ಹಟ್ಟಿಗೊಬ್ಬರ ತುಂಬಿದ ತೊಟ್ಟೆಯಲ್ಲಿ, ಒಂದು ಗಂಟಾದರೂ ಮಣ್ಣೊಳಗೆ ಹೋಗುವಂತೆ ಊರುವುದು. ಬಳ್ಳಿ ಕಡಿಮೆಯಿದ್ದರೆ ಒಂದೇ ಗಂಟು ಸಾಕು, ಆದರೆ ಅದರ ಎಲೆ ತೆಗೆಯಬಾರದು. ತೊಟ್ಟೆಗೆ ತೂತು, ಮೇಲೆ ನೆರಳು ಬೇಕೇ ಬೇಕು. ನೀರು ನಿಂತರೆ ಕೊಳೆಯಿತೆಂದೇ ಲೆಕ್ಕ. ಪತ್ತನಾಜೆ ಕಳೆದು ಮಳೆ ಹಿಡಿದಾಗ ಗಿಡ ತಯಾರು.

ಸಂಘವೆಂದರೆ ಸಾಲ, ಗೊಬ್ಬರ ಮಾತ್ರವಲ್ಲ. ಒಬ್ಬರ ತೋಟದ ಒಳ್ಳೆಯ ಬಳ್ಳಿ ಹತ್ತು ಮನೆಗೆ ಹೋಗಲಿ. ಒಂದು ತೋಟ ಸೊರಗಿದರೂ ತಳಿ ಊರಲ್ಲಿ ಉಳಿಯುತ್ತದೆ.