ಬಚ್ಚಲ ನೀರು, ಹಿತ್ತಲ ಬಾಳೆ ಮತ್ತು ಅಂಟುವಾಳ

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಹಳ್ಳಿಯ ಮನೆಯಲ್ಲಿ ಒಮ್ಮೆ ಬಳಸಿದ ನೀರಿಗೆ ಇನ್ನೊಂದು ಕೆಲಸ ಕಾದಿರುತ್ತದೆ. ಸ್ನಾನದ ನೀರು, ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು ಎಲ್ಲವೂ ಬಚ್ಚಲಿನಿಂದ ಹೊರಟು ಹಿತ್ತಲಿನ ಬಾಳೆ, ಕೆಸು, ನುಗ್ಗೆ, ಒಂದೆರಡು ತೆಂಗಿನ ಬುಡವನ್ನು ಸೇರುತ್ತದೆ. ಬೇಸಿಗೆಯಲ್ಲಿ ಕೊಳವೆ ಬಾವಿ ಕೈಕೊಟ್ಟಾಗ ಹಿತ್ತಲ ಗಿಡಗಳು ಉಳಿಯುವುದೇ ಈ ನೀರಿನಿಂದ. ಆದುದರಿಂದ ಪಾತ್ರೆಗೆ ಏನು ಹಚ್ಚಬೇಕು, ತಲೆಗೆ ಏನು ಹಾಕಬೇಕು ಎಂಬುದು ರೈತನ ಮನೆಯಲ್ಲಿ ಕೇವಲ ಅಡಿಗೆಮನೆಯ ಪ್ರಶ್ನೆಯಲ್ಲ, ಮಣ್ಣಿನ ಪ್ರಶ್ನೆಯೂ ಹೌದು.

ಬಟ್ಟೆ ಒಗೆಯುವ ಪುಡಿಯಲ್ಲಿ ನೊರೆ ಕೊಡುವ ರಾಸಾಯನಿಕದ ಜೊತೆಗೆ ವಾಷಿಂಗ್ ಸೋಡಾ ಮುಂತಾದ ಸೋಡಿಯಂ ಲವಣಗಳು ಸಾಕಷ್ಟು ಇರುತ್ತವೆ. ಈ ಸೋಡಿಯಂ ಪ್ರತಿದಿನ ಒಂದೇ ಜಾಗಕ್ಕೆ ಇಳಿದರೆ ಜೇಡಿ ಅಂಶ ಹೆಚ್ಚಿರುವ ಎರೆಮಣ್ಣಿನ ಕಣಗಳು ಬಿಡಿಬಿಡಿಯಾಗಿ, ಮಣ್ಣಿನ ಸಂದುಗಳು ಮುಚ್ಚಿಹೋಗುತ್ತವೆ. ಮೇಲೆ ನೀರು ನಿಲ್ಲುತ್ತದೆ, ಒಣಗಿದರೆ ಹಲ್ಲೆಕಟ್ಟಿ ಗಟ್ಟಿಯಾಗುತ್ತದೆ. ಬಾಳೆ ಉಪ್ಪನ್ನು ಸಹಿಸದ ಬೆಳೆ. ಮೊದಲು ಎಲೆಯ ಅಂಚು ಸುಟ್ಟಂತೆ ಕಂದುತ್ತದೆ, ಆಮೇಲೆ ಗೊನೆ ಸಣ್ಣದಾಗುತ್ತದೆ. ಮನೆಯವರು ರೋಗವೆಂದು ತಿಳಿದು ಔಷಧಿ ಹುಡುಕುತ್ತಾರೆ. ಕೆಂಪು ಮರಳುಮಣ್ಣಿನಲ್ಲಿ ನೀರು ಬೇಗ ಬಸಿದು ಹೋಗುವುದರಿಂದ ಈ ತೊಂದರೆ ಕಡಿಮೆ. ಆದರೆ ಬಸಿದ ನೀರು ಹತ್ತಿರದ ಬಾವಿಯ ಕಡೆಗೇ ಹೋಗುತ್ತದೆ ಎಂಬುದನ್ನು ಮರೆಯಬಾರದು.

ಊರು ದೊಡ್ಡದಾದಷ್ಟೂ ಈ ನೀರಿನ ಕಥೆ ದೊಡ್ಡದಾಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿಕೊಂಡ ಸುದ್ದಿ ದೇಶಕ್ಕೆಲ್ಲ ಗೊತ್ತು. ಶುದ್ಧೀಕರಿಸದ ಕೊಳಚೆ ನೀರು ಮತ್ತು ಅದರಲ್ಲಿದ್ದ ಸಾಬೂನುಪುಡಿಯ ಅಂಶ ಆ ನೊರೆಗೆ ಮುಖ್ಯ ಕಾರಣಗಳು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸತೊಡಗಿದ ಕೆಲವೇ ದಿನಗಳಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ರೈತರು ಗಾಬರಿಯಾದರು. ನಗರದ ಬಚ್ಚಲು ಹಳ್ಳಿಯ ಕೆರೆಯವರೆಗೂ ಬಂದ ಹಾಗಾಯಿತು.

ಪುಡಿ ಬರುವ ಮೊದಲು ಹಳ್ಳಿಯ ಮನೆಗಳಲ್ಲಿ ಕೆಲಸ ನಡೆಯುತ್ತಿದ್ದುದು ಅಂಟುವಾಳ, ಸೀಗೆ, ಬೂದಿ, ಹುಣಸೆ, ಹೆಸರುಹಿಟ್ಟು ಇವುಗಳಿಂದ. ಇವುಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ, ಯಾವುದು ಬರಿಯ ಹಳೆಯ ರೂಢಿ ಎಂದು ವಿಂಗಡಿಸಿ ನೋಡಬೇಕು. ಹಳೆಯದೆಲ್ಲ ಒಳ್ಳೆಯದೆಂಬ ಮಾತೂ, ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರವಿದ್ದರೆ ಸಾಕೆಂಬ ಮಾತೂ ಒಂದೇ ಬೆಲೆಯವು.

ಮೊದಲ ಸ್ಥಾನ ಅಂಟುವಾಳಕ್ಕೆ ಸಲ್ಲಬೇಕು. ಇದರ ಸಿಪ್ಪೆಯಲ್ಲಿ ಸ್ಯಾಪೊನಿನ್ ಎಂಬ ವಸ್ತುವಿದೆ. ನೀರಿನಲ್ಲಿ ನೊರೆ ಬರುವುದೂ, ಜಿಡ್ಡು ಬಿಡುವುದೂ ಅದರಿಂದಲೇ. ಕಾಯಿಯೊಳಗಿನ ಕರಿಯ ಗಟ್ಟಿ ಬೀಜದಿಂದ ಶುಚಿಗೆ ಪ್ರಯೋಜನವಿಲ್ಲ. ಅದನ್ನು ಬಿಸಾಡದೆ ಸಸಿಗೆ ಇಟ್ಟುಕೊಳ್ಳಬೇಕು. ಬೀಜ ತೆಗೆದ ಹತ್ತು ಹನ್ನೆರಡು ಕಾಯಿಯ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕೈಯಿಂದ ಕಿವುಚಿ ಬಟ್ಟೆಯಲ್ಲಿ ಸೋಸಿದರೆ ಕಂದು ಬಣ್ಣದ ನೀರು ಸಿಗುತ್ತದೆ. ಪಾತ್ರೆಗೆ, ಬಟ್ಟೆಗೆ, ನೆಲ ಒರೆಸಲು ಇದೇ ನೀರು. ಎರಡು ಮೂರು ದಿನಕ್ಕೆ ಹುಳಿ ವಾಸನೆ ಬಂದು ಕೆಡುವುದರಿಂದ ಬೇಕಾದಷ್ಟೇ ಮಾಡಿಕೊಳ್ಳುವುದು ಲೇಸು. ಬಿಳಿಯ ಬಟ್ಟೆಗೆ ಇದು ಅಷ್ಟಾಗಿ ಹೊಂದುವುದಿಲ್ಲ. ಕಾಲ ಕಳೆದಂತೆ ಸ್ವಲ್ಪ ಕಂದು ಛಾಯೆ ಹಿಡಿಯುತ್ತದೆ.

ಇದರ ದೊಡ್ಡ ಗುಣವೊಂದು ಬೋರ್‌ವೆಲ್ ನೀರಿನ ಊರುಗಳಲ್ಲಿ ತಿಳಿಯುತ್ತದೆ. ಗಡಸು ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಬಾರು ಸಾಬೂನು ಆ ಸುಣ್ಣದ ಜೊತೆ ಸೇರಿ ನೊರೆಯಾಗುವ ಬದಲು ಬಿಳಿಯ ಕೆನೆಯಂತೆ ಬಕೆಟ್ಟಿಗೆ ಅಂಟಿಕೊಳ್ಳುತ್ತದೆ. ಕೂದಲು ಜಿಗಟಾಗುವುದೂ ಇದರಿಂದಲೇ. ಪುಡಿಗಳು ಹಳ್ಳಿಗಳಲ್ಲಿ ಅಷ್ಟು ಬೇಗ ಹರಡಲು ಒಂದು ಕಾರಣ, ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ. ಅಂಟುವಾಳವೂ ಕೊಡುತ್ತದೆ, ಅದರ ಸ್ಯಾಪೊನಿನ್ ಸುಣ್ಣಕ್ಕೆ ಸಿಕ್ಕಿ ಕೆನೆಗಟ್ಟುವುದಿಲ್ಲ. ಹೀಗಿರುವಾಗ ಗಡಸು ನೀರೆಂಬ ಒಂದೇ ಕಾರಣಕ್ಕೆ ಪುಡಿಯೇ ಬೇಕೆಂಬ ವಾದ ನಿಲ್ಲುವುದಿಲ್ಲ.

ರೇಷ್ಮೆ ಸೀರೆಯನ್ನು ಅಂಟುವಾಳದಲ್ಲೇ ಒಗೆಯಬೇಕೆಂದು ಅಜ್ಜಿಯಂದಿರು ಹೇಳುತ್ತಿದ್ದುದಕ್ಕೂ ಗಟ್ಟಿ ಕಾರಣವಿದೆ. ರೇಷ್ಮೆ, ಉಣ್ಣೆ ಎರಡೂ ಪ್ರಾಣಿಜನ್ಯ ನೂಲು. ಸೋಡಾದಂಥ ಕ್ಷಾರ ಅವನ್ನು ತಿನ್ನುತ್ತದೆ. ಅಂಟುವಾಳದ ನೀರಿನಲ್ಲಿ ಕ್ಷಾರವಿಲ್ಲ. ನೀರು ತಣ್ಣಗಿರಬೇಕು, ತಿಕ್ಕಬಾರದು, ಹಿಂಡಬಾರದು, ನೆರಳಿನಲ್ಲಿ ಒಣಗಿಸಬೇಕು. ಬಣ್ಣ ಬಿಡುವುದೋ ಎಂದು ಮೊದಲು ಸೆರಗಿನ ಒಳಮೂಲೆಯಲ್ಲಿ ಪರೀಕ್ಷಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಅಂಟುವಾಳದ ದೋಷವನ್ನೂ ಹೇಳಬೇಕು. ಸ್ಯಾಪೊನಿನ್ ಮೀನಿಗೆ ವಿಷ. ಅಂಟುವಾಳದ ನೀರು ಕೆರೆಗೆ, ಹಳ್ಳಕ್ಕೆ, ಕೃಷಿಹೊಂಡದಲ್ಲಿ ಸಾಕಿದ ಮೀನಿಗೆ ನೇರವಾಗಿ ಹೋಗಬಾರದು. ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಮುಗಿಸುತ್ತವೆ, ಅಲ್ಲಿ ಭಯವಿಲ್ಲ. ಕಣ್ಣಿಗೆ ಬಿದ್ದರೆ ಬಹಳ ಉರಿ. ಕೂಡಲೇ ತಣ್ಣೀರಿನಿಂದ ಚೆನ್ನಾಗಿ ತೊಳೆಯಬೇಕು. ಕಾಯಿಗಳನ್ನು ಚಿಕ್ಕಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಸೀಗೆಕಾಯಿಯೂ ಇದೇ ಸ್ಯಾಪೊನಿನ್ ಜಾತಿಯದು, ತಲೆಗೆ ಹೆಚ್ಚು ಹಿತ. ಒಣಗಿದ ಸೀಗೆಗೆ ಸ್ವಲ್ಪ ಮೆಂತ್ಯ, ಒಂದಿಷ್ಟು ಹೆಸರುಕಾಳು ಸೇರಿಸಿ ಗಿರಣಿಯಲ್ಲಿ ಬೀಸಿಸುವುದು ವಾಡಿಕೆ. ಎಣ್ಣೆಸ್ನಾನದ ದಿನ ಹರಳೆಣ್ಣೆಯ ಜಿಡ್ಡು ಬಿಡಲು ಹೆಸರುಹಿಟ್ಟೋ ಕಡಲೆಹಿಟ್ಟೋ ಜೊತೆಗಿದ್ದರೆ ಒಳ್ಳೆಯದು. ಹಳೆಯ ಮೈಸೂರು ಸೀಮೆಯಲ್ಲಿ ಚಿಗರೆಪುಡಿ, ಮಲೆನಾಡಿನಲ್ಲಿ ದಾಸವಾಳದ ಎಲೆಯ ಲೋಳೆ ಬಳಕೆಯಲ್ಲಿವೆ. ಪುಡಿಯನ್ನು ಒಣ ಡಬ್ಬಿಯಲ್ಲಿಟ್ಟು ಒಣ ಚಮಚದಿಂದ ತೆಗೆಯಬೇಕು, ಬೂಷ್ಟು ಹಿಡಿದದ್ದನ್ನು ತಲೆಗೆ ಹಾಕಬಾರದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಂಥ ಗಿರಿಜನರಿಗೆ ಜೇನು, ನೆಲ್ಲಿ, ಸೀಗೆ, ಅಂಟುವಾಳಗಳು ಕಾಡಿನ ಕಿರು ಉತ್ಪನ್ನಗಳಾಗಿ ಒದಗಿಬಂದಿವೆ. ಆ ಬೆಟ್ಟದ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೆ 2011ರಲ್ಲಿ ಮಾನ್ಯತೆ ದೊರೆಯಿತು. ಪೇಟೆಯಲ್ಲಿ ಕೊಳ್ಳುವಾಗ ಪುಡಿಗಿಂತ ಇಡೀ ಕಾಯಿ ಕೊಳ್ಳುವುದು ಜಾಣತನ. ಪುಡಿಯಲ್ಲಿ ಏನು ಬೆರೆತಿದೆಯೆಂದು ಕಣ್ಣಿಗೆ ಕಾಣುವುದಿಲ್ಲ.

ಇನ್ನು ಬೂದಿ. ಸೌದೆಯ ಬೂದಿಯಲ್ಲಿ ನೀರಿಗೆ ಕರಗುವ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ. ಅದು ಜಿಡ್ಡನ್ನು ಬಿಡಿಸುತ್ತದೆ, ನುಣುಪು ಕಣ ತಳದ ಕರಿಯನ್ನು ಉಜ್ಜುತ್ತದೆ. ತೊಳೆದ ನೀರಿನಲ್ಲಿ ಸೋಡಿಯಂ ಬದಲು ಪೊಟ್ಯಾಷ್ ಇರುವುದರಿಂದ ಬಾಳೆಗೆ ಅದು ಗೊಬ್ಬರವೇ ಸರಿ, ಬಾಳೆ ಪೊಟ್ಯಾಷನ್ನು ಬಹಳವಾಗಿ ಬೇಡುವ ಬೆಳೆ. ಆದರೆ ಮೂರು ಎಚ್ಚರಿಕೆ ಬೇಕು. ಬೂದಿಯನ್ನು ಜರಡಿ ಹಿಡಿಯಬೇಕು, ಇಲ್ಲವಾದರೆ ಕಲ್ಲುಚೂರು ಸ್ಟೀಲನ್ನು ಗೀಚುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಬೂದಿ ಕೂಡದು, ಕ್ಷಾರ ಅದನ್ನು ತಿಂದು ಕಪ್ಪುಗಟ್ಟಿಸುತ್ತದೆ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರು, ಹಳೆಯ ಟೈರಿನ ಚೂರು ಹಾಕುವ ಮನೆಯ ಬೂದಿಯನ್ನು ಊಟದ ತಟ್ಟೆಗೂ ತಾಗಿಸಬಾರದು, ಗಿಡಕ್ಕೂ ಹಾಕಬಾರದು. ಇವತ್ತಿನ ಇನ್ನೊಂದು ತೊಡಕು ಬೇರೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಹಳ ಮನೆಗಳ ಅಡಿಗೆ ಗ್ಯಾಸಿಗೆ ಹೋಗಿದೆ. ಹೆಂಗಸರ ಕಣ್ಣು ಮತ್ತು ಶ್ವಾಸಕೋಶದ ದೃಷ್ಟಿಯಿಂದ ಅದು ದೊಡ್ಡ ಲಾಭ. ಬೂದಿಗೋಸ್ಕರ ಹೊಗೆಯ ಒಲೆಗೆ ಹಿಂತಿರುಗುವ ಅಗತ್ಯವಿಲ್ಲ. ನೀರು ಕಾಯಿಸುವ ಬಚ್ಚಲ ಒಲೆಯಿದ್ದ ಮನೆಯಲ್ಲಿ ಸಿಗುವಷ್ಟು ಬೂದಿ ಸಾಕು.

ತಾಮ್ರ, ಹಿತ್ತಾಳೆಗೆ ಹುಣಸೆಹಣ್ಣು ಮತ್ತು ಉಪ್ಪು. ಹುಳಿ ಮೇಲಿನ ಕಿಲುಬನ್ನು ಕರಗಿಸುತ್ತದೆ. ಕಲಾಯಿ ಹಾಕಿದ ಒಳಭಾಗವನ್ನು ಮಾತ್ರ ಹೀಗೆ ಉಜ್ಜಬಾರದು. ಶಹಾಬಾದ್ ಕಲ್ಲಿನ ನೆಲಕ್ಕೆ ನಿಂಬೆ, ಹುಣಸೆ, ಪೇಟೆಯ ಆಸಿಡ್ ಯಾವುದೂ ಬೇಡ. ಅದು ಸುಣ್ಣಕಲ್ಲು, ಹುಳಿಗೆ ಸವೆದು ಹೊಳಪು ಕಳೆದುಕೊಳ್ಳುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಆಗಲಿ, ನಿಂಬೆರಸವಾಗಲಿ ಎಂದಿಗೂ ಸೇರಿಸಬಾರದು. ಕ್ಲೋರಿನ್ ಅನಿಲ ಎದ್ದು ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟುತ್ತದೆ. ಎರಡು ಗುಂಡಿಯ ಶೌಚಾಲಯಕ್ಕೆ ಆಸಿಡ್, ಫಿನಾಯಿಲ್ ಧಾರಾಳವಾಗಿ ಸುರಿದರೆ ಗುಂಡಿಯಲ್ಲಿ ಮಲವನ್ನು ಗೊಬ್ಬರ ಮಾಡುವ ಜೀವಾಣುಗಳು ಸಾಯುತ್ತವೆ. ಅಲ್ಲಿ ನೀರು ಮತ್ತು ಗಟ್ಟಿ ಬ್ರಷ್ಷು ಸಾಕು. ಪಾತ್ರೆ ಉಜ್ಜಲು ಪ್ಲಾಸ್ಟಿಕ್ ಸ್ಕ್ರಬ್ಬರ್ ಬದಲು ತೆಂಗಿನ ನಾರು, ಮೈ ಉಜ್ಜಲು ಬೇಲಿಯ ಮೇಲೆ ಬಲಿತು ಒಣಗಿದ ತುಪ್ಪದ ಹೀರೆಯ ನಾರು ಎಲ್ಲರಿಗೂ ತಿಳಿದದ್ದೇ.

ಹಲ್ಲಿನ ವಿಷಯ ಚಿಕ್ಕದು. ಬೇವಿನ ಕಡ್ಡಿ, ಹೊಂಗೆಯ ಕಡ್ಡಿ ಹಸಿಯಾಗಿದ್ದು ತುದಿ ಮೆದುವಾದರೆ ತೊಂದರೆಯಿಲ್ಲ. ಇದ್ದಲು, ಇಟ್ಟಿಗೆ ಪುಡಿ, ಮರಳು ಹಲ್ಲಿನ ಮೇಲ್ಪದರವನ್ನು ಸವೆಸುತ್ತವೆ. ಹೊಗೆಸೊಪ್ಪಿನ ಪುಡಿಯಿಂದ ಹಲ್ಲುಜ್ಜುವುದು ಚಟ, ಶುಚಿಯಲ್ಲ. ಹಲ್ಲುಪುಡಿ ಮತ್ತು ಪೇಸ್ಟಿನಲ್ಲಿ ಹೊಗೆಸೊಪ್ಪು ಸೇರಿಸುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಈಗ ಎಲ್ಲಿ ಇವು ಸಾಲವು ಎಂಬ ಮಾತು. ಇದನ್ನು ಹೇಳದೆ ಬಿಟ್ಟರೆ ಉಪಕಾರಕ್ಕಿಂತ ಅಪಾಯ ಹೆಚ್ಚು.

ಶೌಚದ ನಂತರ, ಅಡಿಗೆಗೆ ಮೊದಲು, ಕೂಸಿಗೆ ಉಣಿಸುವ ಮೊದಲು ಕೈಗೆ ಸಾಬೂನೇ ಬೇಕು. ಹಿತ್ತಲ ಮಣ್ಣಿನಿಂದ ಕೈ ತೊಳೆದರೆ ಆ ಮಣ್ಣಿನಲ್ಲಿರುವ ಹುಳದ ಮೊಟ್ಟೆ, ರೋಗಾಣು ಕೈಗೆ ಬರುತ್ತವೆ. ಬೂದಿ ಮಣ್ಣಿಗಿಂತ ವಾಸಿ ಎನ್ನಬಹುದಾದರೂ ಸಾಬೂನಿಗೆ ಸಮನಲ್ಲ. 2020ರ ಕೊರೋನಾ ಕಾಲದಲ್ಲಿ ಸಾಬೂನಿಗೆ ಅಷ್ಟು ಒತ್ತು ಕೊಟ್ಟದ್ದು ವೈರಾಣುವಿನ ಮೇಲಿನ ಜಿಡ್ಡಿನ ಪೊರೆಯನ್ನು ಅದು ಒಡೆಯುತ್ತದೆ ಎಂಬ ಕಾರಣಕ್ಕೆ. ಕೈ ತೊಳೆಯುವ ಒಂದು ತುಂಡು ಸಾಬೂನಿನಿಂದ ಬಾಳೆಗೆ ಏನೂ ಆಗುವುದಿಲ್ಲ. ಬಾಣಂತಿಯ ಕೋಣೆಯ ನೆಲವನ್ನು ಸಗಣಿಯಿಂದ ಸಾರಿಸಬಾರದು, ಮಗುವಿನ ಹೊಕ್ಕುಳಿಗೆ ಬೂದಿ, ಸಗಣಿ ಹಚ್ಚಲೇಬಾರದು. ಸಗಣಿಯಲ್ಲಿ ಧನುರ್ವಾಯುವಿನ ಬೀಜಾಣುಗಳು ಇರುತ್ತವೆ.

ಔಷಧಿ ಸಿಂಪಡಿಸಿದವನ ಬಟ್ಟೆ ಬೇರೆ. ಅನೇಕ ಕೀಟನಾಶಕಗಳು ಎಣ್ಣೆಯ ಅಂಶದವು, ಬಟ್ಟೆಯ ನೂಲಿನೊಳಗೆ ಹೊಕ್ಕಿರುತ್ತವೆ. ಅಂಟುವಾಳದ ತಣ್ಣೀರು ಅವನ್ನು ಪೂರ್ತಿ ತೆಗೆಯಲಾರದು. ಬಿಸಿನೀರು, ಬಟ್ಟೆ ಪುಡಿ ಹಾಕಿ, ಮನೆಯವರ ಬಟ್ಟೆಯ ಜೊತೆ ಸೇರಿಸದೆ ಪ್ರತ್ಯೇಕ ಒಗೆಯಬೇಕು, ಆ ನೀರು ಬಾವಿಯ ಬಳಿ, ತರಕಾರಿ ಮಡಿಯ ಬಳಿ ಹರಿಯಬಾರದು. ಒಗೆಯುವವಳು ಸಾಮಾನ್ಯವಾಗಿ ಮನೆಯ ಹೆಂಗಸು. ಔಷಧಿ ಹೊಡೆದವನು ಕೈಗವಸು ಹಾಕಿಕೊಂಡು, ಒಗೆಯುವವಳಿಗೆ ಬರಿಗೈ ಎಂದರೆ ನ್ಯಾಯವಲ್ಲ. ಆ ಕೈಗವಸು ಅವಳಿಗೂ ಬೇಕು.

ಹಾಲಿನ ಕ್ಯಾನಿಗೂ ಬೂದಿ ಸಲ್ಲದು. ನೆಲದಿಂದ ಬಾಚಿದ ಬೂದಿಯ ಜೊತೆ ಬರುವ ಮಣ್ಣಿನ ಕಣ ಅಂಚುಗಳ ಸಂದಿನಲ್ಲಿ ಉಳಿದು ಹಾಲು ಬೇಗ ಒಡೆಯುತ್ತದೆ, ಸಂಘದಲ್ಲಿ ಹಾಲು ತಿರಸ್ಕೃತವಾಗುತ್ತದೆ. ಮೊದಲು ತಣ್ಣೀರಿನಿಂದ ಹಾಲಿನ ಅಂಶ ತೊಳೆದು, ಆಮೇಲೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಿಂದ ಉಜ್ಜಿ, ಚೆನ್ನಾಗಿ ಜಾಲಾಡಿ, ಬಿಸಿಲಿನಲ್ಲಿ ಬೋರಲಾಗಿ ಇಡಬೇಕು.

ಪುಡಿಯನ್ನು ಪೂರ್ತಿ ಬಿಡಲಾಗದ ಮನೆಯಲ್ಲಿ ನೀರನ್ನಾದರೂ ಎರಡು ದಾರಿ ಮಾಡಬಹುದು. ಸ್ನಾನದ ಮತ್ತು ಪಾತ್ರೆಯ ನೀರು ಬಾಳೆಯ ಕಡೆಗೆ, ಬಟ್ಟೆಯ ಮೊದಲ ನೀರು ಮಾತ್ರ ಬೇರೊಂದು ಇಂಗುಗುಂಡಿಗೆ. ಜಾಲಾಡಿಸಿದ ಎರಡನೆಯ, ಮೂರನೆಯ ನೀರಿನಲ್ಲಿ ಉಪ್ಪು ಕಡಿಮೆ, ಅದನ್ನು ತೆಂಗಿಗೆ ಬಿಡಬಹುದು. ವಾರಕ್ಕೊಮ್ಮೆ ನೀರಿನ ಕಾಲುವೆಯನ್ನು ಬೇರೊಂದು ಬುಡಕ್ಕೆ ತಿರುಗಿಸಿದರೆ ಒಂದೇ ಕಡೆ ಉಪ್ಪು ಕೂಡುವುದಿಲ್ಲ. ಈಗಾಗಲೇ ಗಟ್ಟಿಯಾದ ಎರೆಮಣ್ಣಿನ ಹಿತ್ತಲಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ, ಅದರ ಶಿಫಾರಸಿನಂತೆ ಜಿಪ್ಸಂ ಹಾಗೂ ಕೊಟ್ಟಿಗೆ ಗೊಬ್ಬರ ಹಾಕಿ, ಒಳ್ಳೆಯ ನೀರು ಹಾಯಿಸಿ ಬಸಿಯಲು ಬಿಡಬೇಕು. ಜಿಪ್ಸಂನ ಸುಣ್ಣದ ಅಂಶ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಹೊರಗೆ ತಳ್ಳುತ್ತದೆ.

ಅಂಟುವಾಳವನ್ನು ಹೊಲದ ಬದುವಿನಲ್ಲಿ ಬೆಳೆಸಬಹುದು. ಒಣ ಸೀಮೆಯನ್ನು ತಾಳಿಕೊಳ್ಳುವ ಮರ ಅದು. ಬೀಜದ ಸಿಪ್ಪೆ ಬಹಳ ಗಟ್ಟಿಯಾದುದರಿಂದ ಒಂದು ಪಕ್ಕ ಕಲ್ಲಿಗೆ ಉಜ್ಜಿ, ಒಂದು ದಿನ ನೀರಿನಲ್ಲಿ ನೆನೆಸಿ, ಚೀಲಕ್ಕೆ ಒಂದರಂತೆ ಬಿತ್ತಿ, ಮಳೆ ಹಿಡಿದ ಮೇಲೆ ನೆಡಬೇಕು. ಬೀಜದ ಸಸಿ ಕಾಯಿ ಬಿಡಲು ಹಲವು ವರ್ಷ ಹಿಡಿಯುತ್ತದೆ, ಆದುದರಿಂದ ಇದನ್ನು ನೆರಳಿನ ಮರವೆಂದು ನೆಟ್ಟು ಮರೆಯುವವರೇ ಗೆದ್ದವರು. ಸೀಗೆ ಮುಳ್ಳಿನ ಬಳ್ಳಿ. ಒಂಟಿಯಾಗಿ ನೆಟ್ಟರೆ ಕೀಳುವುದೂ ಕಷ್ಟ, ಕೊಯ್ಯುವುದೂ ಕಷ್ಟ. ತೋಟದ ಬೇಲಿಗೆ ಹಬ್ಬಿಸಿದರೆ ದನ ನುಗ್ಗುವುದನ್ನು ತಡೆಯುತ್ತದೆ, ಕಾಯಿಯೂ ಕೈಗೆ ಎಟುಕುತ್ತದೆ. ಮನೆಗೆ ಬೇಕಾದುದನ್ನು ಮಿಕ್ಕಿಸಿ ಉಳಿದ ಅಂಟುವಾಳದ ನೀರನ್ನು ಬೇವಿನ ಎಣ್ಣೆ ಸಿಂಪಡಿಸುವಾಗ ಸಾಬೂನಿನ ಬದಲು ಬೆರೆಸಿಕೊಳ್ಳಬಹುದು. ಎಣ್ಣೆ ನೀರಿನಲ್ಲಿ ಒಂದಾಗಿ ಎಲೆಯ ಮೇಲೆ ಹರಡುತ್ತದೆ. ಮೊದಲು ಎರಡು ಗಿಡಕ್ಕೆ ಹೊಡೆದು ಎಲೆ ಸುಡುವುದಿಲ್ಲವೆಂದು ಖಾತ್ರಿಯಾದ ಮೇಲೆ ಉಳಿದ ಸಾಲುಗಳಿಗೆ ಸಂಜೆಯ ಹೊತ್ತಿನಲ್ಲಿ ಸಿಂಪಡಿಸಬೇಕು.